ಮೌನವೋ, ಶಾಂತಿಯೋ?

ಪದಗಳ ಅರ್ಥವನ್ನು ಶೋಧಿಸುವುದು ಪಂಡಿತರ ವಿನೋದವೆಂದು ಅನೇಕರು ಭಾವಿಸಿರುವರು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತು ಧಾತುಪ್ರತ್ಯಯಗಳನ್ನು ಬಿಡಿಸುತ್ತಿರುವ ವೃದ್ಧನನ್ನು ಕಂಡರೆ ಮನೆಯ ಮಕ್ಕಳು ನಗುವುದುಂಟು; ನಾನೂ ಹಾಗೆ ನಗೆಗೆ ಈಡಾದವನೇ. ಆದರೆ ಒಂದು ಪದದ ಒಂದು ಅರ್ಥವು ಒಬ್ಬರ ಬಾಯಿಯನ್ನು ಮುಚ್ಚಿಸಬಲ್ಲದು, ಅದೇ ಪದದ ಮತ್ತೊಂದು ಅರ್ಥವು ಅದೇ ಬಾಯಿಯನ್ನು ತೆರೆಯಿಸಬಲ್ಲದು ಎಂಬುದನ್ನು ಈಚೆಗೆ ಪ್ರತ್ಯಕ್ಷವಾಗಿ ಕಂಡೆನು. ಆ ವೃತ್ತಾಂತವನ್ನೂ ಆ ಪದಗಳ ವಿಚಾರವನ್ನೂ ವಾಚಕರ ಮುಂದೆ ಇಡುವುದು ಈ ಲೇಖನದ ಉದ್ದೇಶ.

ನನ್ನಲ್ಲಿ ಹಿಂದೆ ಸಂಸ್ಕೃತವನ್ನು ಕಲಿತ ಕ್ರೈಸ್ತ ಹೆಣ್ಣುಮಗಳೊಬ್ಬಳು ಈಗ ತಾನೂ ಉಪಾಧ್ಯಾಯಿನಿಯಾಗಿ ಒಂದು ಊರಿನಲ್ಲಿ ಸಂಸಾರ ನಡೆಸಿಕೊಂಡಿರುವಳು. ಒಂದು ಸಾಯಂಕಾಲ ಆಕೆಯು ನಮ್ಮ ಮನೆಗೆ ಬಂದಳು. ಕೈಯಲ್ಲಿ ಕನ್ನಡದ ಸತ್ಯವೇದವೂ ಗ್ರೀಕ್ ಮೂಲದ ಒಂದು ಪುಸ್ತಕವೂ ಇದ್ದುವು. ಅವರ ಸಭೆಯಲ್ಲಿ ಒಂದು ಭಾನುವಾರ ವ್ಯಾಖ್ಯಾನ ಮಾಡಬೇಕಾದ ಹಿರಿಯರು ಕಾಯಿಲೆಯಿಂದ ಬರಲಾಗಲಿಲ್ಲವಂತೆ. ಕೆಲವರು ಈಕೆಯನ್ನು ಮಾತಾಡೆಂದು ಕೇಳಿದರು. ಆಕೆ ಎದ್ದು ನಿಲ್ಲುವಷ್ಟರಲ್ಲಿ ಮತ್ತೊಬ್ಬ ಹಿರಿಯರು, ಸ್ತ್ರೀಯು ಸಭೆಯಲ್ಲಿ ಮೌನವಾಗಿರತಕ್ಕದ್ದೆಂದು ಗ್ರಂಥವೇ ವಿಧಿಸಿದೆಯಲ್ಲ ಎಂದರು. ಆಕೆ ಕುಳಿತುಕೊಂಡಳು. ಅಂದು ವ್ಯಾಖ್ಯಾನವೇ ನಡೆಯಲಿಲ್ಲ.

"ಗುರುಗಳೇ, ನನಗೆ ಕೋಪವಿಲ್ಲ. ನನ್ನ ಶಾಸ್ತ್ರವು ನನಗೆ ಮೌನವನ್ನೇ ವಿಧಿಸಿದ್ದರೆ ಮೌನವಾಗಿಯೇ ಇರುವೆನು. ಆದರೆ ವಿಧಿಸಿರುವುದು ಶಾಸ್ತ್ರವೋ ಭಾಷಾಂತರವೋ ಎಂಬುದು ನನಗೆ ತಿಳಿಯಬೇಕು" ಎಂದಳು. ಇಂತಹ ಪ್ರಶ್ನೆಯನ್ನು ಕೇಳುವ ವಿದ್ಯಾರ್ಥಿಯು ಉಪಾಧ್ಯಾಯನಿಗೆ ಒಂದು ಜನ್ಮದಲ್ಲಿ ಎಷ್ಟು ಮಂದಿ ದೊರೆಯುವರು?

ನಾನು ಕ್ರೈಸ್ತನಲ್ಲ. ಗ್ರೀಕ್ ಭಾಷೆಯು ಸಂಸ್ಕೃತದ ಸೋದರಿಯೆಂಬ ಮೋಹದಿಂದ ಯೌವನದಲ್ಲಿ ಅದರ ವ್ಯಾಕರಣವನ್ನು ಅಷ್ಟಿಷ್ಟು ಅಭ್ಯಸಿಸಿದ್ದೆನು; ಅಷ್ಟೇ ನನ್ನ ಬಂಡವಾಳ. ಪರರ ಶಾಸ್ತ್ರದಲ್ಲಿ ಕೈಯಿಡಲು ಸಂಕೋಚವೂ ಆಯಿತು. ಆದರೆ ಬಾಸೆಲ್ ಮಿಶನ್ನಿನ ಕಿಟ್ಟೆಲ್ ಪಂಡಿತನು ನಮ್ಮ ಕನ್ನಡದ ಶಬ್ದಗಳಿಗಾಗಿ ತನ್ನ ಕಣ್ಣುಗಳನ್ನೂ ಆಯುಸ್ಸನ್ನೂ ಸವೆಸಿ ೧೮೯೪ರಲ್ಲಿ ಆ ಮಹಾಕೋಶವನ್ನು ಮಂಗಳೂರಿನಲ್ಲಿ ಅಚ್ಚುಮಾಡಿಸಿದುದು ನೆನಪಾಯಿತು. ಅವರ ಗ್ರಂಥದ ನಾಲ್ಕು ಶಬ್ದಗಳಿಗಾಗಿ ನಾನು ನಾಲ್ಕು ತಿಂಗಳು ಕುಳಿತರೆ ಆ ಋಣದ ಬಡ್ಡಿಯೂ ತೀರದು. ಹೀಗೆಂದುಕೊಂಡು ಒಪ್ಪಿದೆನು.

ವಿವಾದಕ್ಕೆ ಆಸ್ಪದವಾದ ವಾಕ್ಯಗಳು ತಿಮೊಥೆಯನಿಗೆ ಬರೆದ ಮೊದಲನೆಯ ಪತ್ರಿಕೆಯ ಎರಡನೆಯ ಅಧ್ಯಾಯದಲ್ಲಿವೆ. ಪತ್ರಿಕೆಯು ಪೌಲನ ಹೆಸರಿನಲ್ಲಿರುವುದು. ಅದನ್ನು ಪೌಲನೇ ಬರೆದನೋ ಅವನ ಶಿಷ್ಯವರ್ಗದವರು ಬರೆದರೋ ಎಂಬ ವಿಷಯದಲ್ಲಿ ಆಧುನಿಕ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವುಂಟು. ತಿಮೊಥೆಯನು ಆಗ ಎಫೆಸ ಪಟ್ಟಣದಲ್ಲಿದ್ದನು. ಅದು ಇಂದಿನ ತುರ್ಕಿ ದೇಶದ ಪಶ್ಚಿಮ ತೀರದ ಕಡೆ ಇದ್ದ ಮಹಾನಗರ. ಅರ್ತೆಮಿ ದೇವಿಯ ಸುಪ್ರಸಿದ್ಧ ಮಂದಿರವು ಅಲ್ಲಿಯೇ ಇದ್ದಿತು. ಅಲ್ಲಿ ಕೆಲವರು ವಿಪರೀತೋಪದೇಶವನ್ನು ಮಾಡುತ್ತಿರುವರು, ಅವರನ್ನು ತಡೆಯಬೇಕು ಎಂಬುದೇ ಪತ್ರಿಕೆಯ ಉಪಕ್ರಮ. ಎರಡನೆಯ ಅಧ್ಯಾಯದಲ್ಲಿ ಪ್ರಾರ್ಥನೆಯ ವಿಷಯವೂ, ಪುರುಷರು ಕೋಪವಿವಾದಗಳಿಲ್ಲದೆ ಕೈಯೆತ್ತಿ ಪ್ರಾರ್ಥಿಸಬೇಕೆಂಬುದೂ, ಸ್ತ್ರೀಯರು ಆಡಂಬರದ ಉಡಿಗೆತೊಡಿಗೆಗಳನ್ನು ಬಿಡಬೇಕೆಂಬುದೂ ಬಂದು, ಬಳಿಕ ಈ ಎರಡು ವಾಕ್ಯಗಳು ಬರುತ್ತವೆ. ಸ್ತ್ರೀಯು ಶಾಂತಳಾಗಿ, ಪೂರ್ಣ ವಿಧೇಯತೆಯಿಂದ ಕಲಿಯಲಿ ಎಂಬುದು ಮೊದಲನೆಯದರ ತಾತ್ಪರ್ಯ. ಉಪದೇಶಿಸುವುದಕ್ಕೂ ಪುರುಷನ ಮೇಲೆ ಅಧಿಕಾರ ನಡೆಸುವುದಕ್ಕೂ ಆಕೆಗೆ ಅಪ್ಪಣೆ ಕೊಡುವುದಿಲ್ಲ ಎಂಬುದು ಎರಡನೆಯದರ ತಾತ್ಪರ್ಯವೆಂದು ಸಾಮಾನ್ಯವಾಗಿ ಹೇಳುವರು.

ಮೊದಲನೆಯ ಪದ 'ಹೆಸುಖಿಯಾ'. ಇದನ್ನೇ ಬಹುಕಾಲ 'ಮೌನ'ವೆಂದು ಭಾಷಾಂತರಿಸುತ್ತ ಬಂದರು. ೧೬೧೧ರ ಇಂಗ್ಲೀಷ್ ಭಾಷಾಂತರದಲ್ಲಿಯೂ ಹಾಗೆಯೇ ಇದೆ. ಆದರೆ ಇದೇ ಅಧ್ಯಾಯದ ಎರಡನೆಯ ವಾಕ್ಯದಲ್ಲಿ ಇದೇ ಪದದ ವಿಶೇಷಣರೂಪವು ಬಂದಿರುವುದನ್ನು ನೋಡಬೇಕು. ರಾಜರಿಗಾಗಿ ಪ್ರಾರ್ಥಿಸಿರಿ, ಅದರಿಂದ ನಾವೆಲ್ಲರೂ ನೆಮ್ಮದಿಯ ಜೀವನ ನಡೆಸುವಂತಾಗಲಿ ಎಂಬಲ್ಲಿ 'ನೆಮ್ಮದಿಯ' ಎಂಬುದಕ್ಕೆ ಅದೇ ಪದ. ಅಲ್ಲಿ ಮೂಕ ಜೀವನವೆಂದು ಯಾರೂ ಅರ್ಥಮಾಡರು. ಥೆಸಲೋನಿಕದವರಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿಯೂ ಸೋಮಾರಿಗಳು ಗಲಭೆ ಬಿಟ್ಟು ಶಾಂತರಾಗಿ ದುಡಿದುಣ್ಣಲಿ ಎನ್ನುವಾಗ ಇದೇ ಪದವಿದೆ. ಉಪಕ್ರಮೋಪಸಂಹಾರಗಳನ್ನೂ ಅಭ್ಯಾಸವನ್ನೂ ನೋಡಿ ತಾತ್ಪರ್ಯವನ್ನು ನಿರ್ಣಯಿಸಬೇಕೆಂದು ನಮ್ಮ ಮೀಮಾಂಸಕರು ಹೇಳುವರಷ್ಟೆ; ಆ ನ್ಯಾಯದಿಂದ ಇಲ್ಲಿ 'ಶಾಂತಿ'ಯೇ ಮುಖ್ಯಾರ್ಥವೆಂದು ತೋರುತ್ತದೆ. ಹಾಗೆಂದು ಮೌನವೆಂಬ ಅರ್ಥವೇ ಆ ಪದಕ್ಕಿಲ್ಲವೆನ್ನಲಾಗದು. ಅಪೊಸ್ತಲರ ಕೃತ್ಯಗಳಲ್ಲಿ, ಪೌಲನು ಮಾತಾಡಲು ತೊಡಗಿದಾಗ ಜನರ ಗುಂಪು ಸದ್ದಡಗಿತೆಂಬಲ್ಲಿ ಇದೇ ಪದವಿದೆ. ಒಂದು ಪಕ್ಷಕ್ಕೆ ಅನುಕೂಲವಾದ ಪ್ರಯೋಗವನ್ನು ಹೇಳಿ ಪ್ರತಿಕೂಲವಾದುದನ್ನು ಮರೆಮಾಚುವುದು ಶಬ್ದಶಾಸ್ತ್ರವಲ್ಲ, ವಕೀಲಿ.

ಎರಡನೆಯ ಪದ 'ಮನ್ಥನೆತೋ'. ನನ್ನ ಶಿಷ್ಯೆಯೂ ನಾನೂ ಇಲ್ಲಿಗೆ ಬಂದಾಗ ಒಂದು ಗಳಿಗೆ ಸುಮ್ಮನೆ ಕುಳಿತುಬಿಟ್ಟೆವು. ನಮ್ಮ ವ್ಯಾಕರಣದ ಭಾಷೆಯಲ್ಲಿ ಇದು ಲೋಟ್ ಲಕಾರದ ಪ್ರಥಮಪುರುಷ ಏಕವಚನ. 'ಪಠತು' ಎಂಬಂತಹ ರೂಪ. 'ಕಲಿಯಲಿ' ಎಂದರ್ಥ. ಎರಡು ವಾಕ್ಯಗಳಲ್ಲಿ ಆಜ್ಞಾರೂಪದ ಕ್ರಿಯಾಪದವು ಇದೊಂದೇ. 'ಅಪ್ಪಣೆ ಕೊಡುವುದಿಲ್ಲ' ಎಂಬಲ್ಲಿಯ 'ಎಪಿತ್ರೆಪೋ' ಎಂಬುದು ಲಟ್ ಲಕಾರದ ಉತ್ತಮಪುರುಷ. ಅಂದರೆ 'ನಾನು ಅನುಮತಿಸುತ್ತೇನೆ' ಎಂಬುದಕ್ಕೆ ನಿಷೇಧ ಹತ್ತಿದೆ. ವರ್ತಮಾನರೂಪವಾದ ಮಾತ್ರಕ್ಕೆ ಅದು ಆ ಕಾಲಕ್ಕೆ ಮಾತ್ರ ಸಲ್ಲುವುದೆಂದು ವಾದಿಸಲಾಗದು. ಆದರೂ ವಿಧಿಯು ಯಾವುದರ ಮೇಲಿದೆ ಎಂಬುದು ಸ್ಪಷ್ಟ. ಆ ಕಾಲದಲ್ಲಿ ಸ್ತ್ರೀಗೆ ಶಾಸ್ತ್ರವನ್ನು ಕಲಿಸುವುದೇ ಅಪೂರ್ವವಾದುದು. ಆ ಅಪೂರ್ವವಾದುದನ್ನೇ ಈ ವಾಕ್ಯವು ವಿಧಿಸುತ್ತದೆ. ಶಿಷ್ಯನೆಂಬುದಕ್ಕೆ ಗ್ರೀಕಿನಲ್ಲಿ 'ಮಥೆತೆಸ್' ಎನ್ನುವರು; ಅದೂ ಈ ಧಾತುವಿನಿಂದಲೇ ಬಂದುದು. ನಮ್ಮ ಮಕ್ಕಳು ಹೆದರುವ ಮ್ಯಾಥಮ್ಯಾಟಿಕ್ಸ್ ಕೂಡ ಇದೇ ಮನೆತನದ್ದು. ಹೀಗೆ ನೂರಾರು ವರ್ಷ ನಿಷೇಧವಾಕ್ಯವನ್ನು ಗಟ್ಟಿಯಾಗಿ ಓದಿದವರು ಅದರ ಹಿಂದಿನ ವಿಧಿವಾಕ್ಯವನ್ನು ಮೆಲ್ಲಗೆ ಓದಿದರೆಂದು ಹೇಳಿದರೆ ತಪ್ಪಾಗಲಾರದು.

ಮೂರನೆಯದು 'ಹುಪೊತಗೆ', 'ಕೆಳಗೆ ಕ್ರಮವಾಗಿ ಇರಿಸಿಕೊಳ್ಳುವುದು' ಎಂಬುದು ಅವಯವಾರ್ಥ, ವಿಧೇಯತೆಯೆಂಬುದು ರೂಢಿ. ಯಾರಿಗೆ ವಿಧೇಯತೆ ಎಂಬುದನ್ನು ಈ ವಾಕ್ಯವು ಹೇಳುವುದಿಲ್ಲ. ಗಂಡನಿಗೆಂದು ಕೆಲವರು, ಸಭೆಗೆಂದು ಕೆಲವರು, ಕಲಿಯುವ ಉಪದೇಶಕ್ಕೆಂದು ಕೆಲವರು ಅಧ್ಯಾಹಾರ ಮಾಡಿಕೊಳ್ಳುವರು. 'ಕಲಿಯಲಿ' ಎಂಬ ಕ್ರಿಯೆಯೊಡನೆ ಅನ್ವಯವಾಗಿರುವುದರಿಂದ ಮೂರನೆಯ ಪಕ್ಷವು ನನಗೆ ಸಮೀಪವೆಂದು ತೋರಿತು. ನಮ್ಮಲ್ಲಿ 'ಶುಶ್ರೂಷೆ' ಎಂಬ ಶಬ್ದವಿಲ್ಲವೆ? ಅದರ ವ್ಯುತ್ಪತ್ತಿಯು 'ಕೇಳಬೇಕೆಂಬ ಇಚ್ಛೆ', ರೂಢಿಯು ಸೇವೆ. ಗುರುವಿನ ಎದುರಿಗೆ ಈ ಎರಡೂ ಒಂದೇ.

ನಾಲ್ಕನೆಯ ಪದವೇ ಎಲ್ಲಕ್ಕಿಂತ ಕಠಿನವಾದುದು: 'ಔಥೆನ್ತೈನ್'. ಹೊಸ ಒಡಂಬಡಿಕೆಯಲ್ಲೆಲ್ಲ ಈ ಕ್ರಿಯಾಪದವು ಒಂದೇ ಒಂದು ಸಾರಿ, ಇಲ್ಲಿ ಮಾತ್ರ ಬಂದಿರುವುದು. ಅಧಿಕಾರವೆಂಬುದಕ್ಕೆ ಆ ಗ್ರಂಥದಲ್ಲಿ ಸಾಧಾರಣವಾಗಿ ಬರುವ ಪದವು 'ಎಕ್ಸೂಸಿಯಾ'. ಅದನ್ನು ಬಿಟ್ಟು ಈ ವಿರಳ ಪದವನ್ನು ಏಕೆ ಹಿಡಿದರು ಎಂಬುದೇ ಪ್ರಶ್ನೆ. ಇದಕ್ಕೆ ಸಂಬಂಧಪಟ್ಟ 'ಔಥೆನ್ತೆಸ್' ಎಂಬ ನಾಮಪದವು ಹೆರೊಡೊಟಸನ ಕಾಲದಲ್ಲಿ ಕೊಲೆಗಾರನೆಂಬ ಅರ್ಥದಲ್ಲಿ ನಡೆಯುತ್ತಿತ್ತು. ಮುಂದೆ ಒಡೆಯ, ಯಜಮಾನನೆಂಬ ಅರ್ಥಕ್ಕೆ ಹೊರಳಿತು. ಮಧ್ಯಯುಗದ ಗ್ರೀಕಿನಿಂದ ತುರ್ಕಿ ಭಾಷೆಗೆ ಹೋಗಿ 'ಎಫೆಂದಿ' ಎಂಬ ಗೌರವದ ಬಿರುದಾಯಿತು. ಕೊಲೆಗಾರನು ಕಾಲಕ್ರಮದಲ್ಲಿ 'ಸ್ವಾಮಿ'ಯಾದನೆಂದರೆ ಶಬ್ದಗಳ ಪುನರ್ಜನ್ಮವು ಎಷ್ಟು ವಿಚಿತ್ರ! ಲ್ಯಾಟಿನ್ ಭಾಷಾಂತರಕಾರರು ಇದನ್ನು 'ದೊರೆತನ ಮಾಡು' ಎಂಬರ್ಥದ ಪದದಿಂದ ಅನುವಾದಿಸಿದರು. ೧೬೧೧ರ ಇಂಗ್ಲೀಷ್ ಭಾಷಾಂತರವು ಅಕ್ರಮವಾಗಿ ಅಧಿಕಾರವನ್ನು ಕಸಿದುಕೊಳ್ಳುವುದೆಂದಿತು. ಅನೇಕ ಈಚಿನ ಭಾಷಾಂತರಗಳು ಬರಿಯ 'ಅಧಿಕಾರ ನಡೆಸು' ಎಂದುವು. ನಾಲ್ಕನೆಯ ಶತಮಾನದಲ್ಲಿ ಗ್ರೀಕನ್ನೇ ಮಾತೃಭಾಷೆಯಾಗಿ ಉಳ್ಳ ಕ್ರಿಸೊಸ್ತೊಮನು ತನ್ನ ಒಂದು ಉಪನ್ಯಾಸದಲ್ಲಿ, ಹೆಂಡತಿಯು ವಿಧೇಯಳಾಗಿರುವಳೆಂದು ಗಂಡನು ಆಕೆಯ ಮೇಲೆ ಹೀಗೆ ಮಾಡಬಾರದೆಂದು ಇದೇ ಕ್ರಿಯಾಪದವನ್ನು ಬಳಸಿರುವನು. ಗಂಡನೂ ಮಾಡಬಾರದ ಕಾರ್ಯವಾದರೆ ಅದು ಸಾಧಾರಣ ಅಧಿಕಾರವಲ್ಲ, ದಬ್ಬಾಳಿಕೆ ಎಂದು ಅಲ್ಲಿ ಅರ್ಥಮಾಡಬೇಕಾಗುತ್ತದೆ.

ಹೀಗಾದರೆ ವಾಕ್ಯಾರ್ಥವೇ ಬದಲಾಗುವುದು. ಉಪದೇಶವೆಲ್ಲವೂ ನಿಷಿದ್ಧವಲ್ಲ, ದಬ್ಬಾಳಿಕೆಯ ಉಪದೇಶವು ನಿಷಿದ್ಧ ಎಂದು ಒಂದು ಪಕ್ಷದವರು ಹೇಳುವರು. ಇನ್ನೊಂದು ಪಕ್ಷದವರು, ನಡುವೆ ಇರುವ 'ಊದೆ' ಎಂಬ ಅವ್ಯಯವು ಎರಡು ಬೇರೆ ಬೇರೆ ಕಾರ್ಯಗಳನ್ನು ಜೋಡಿಸುವುದು. 'ಉಪದೇಶಿಸು' ಎಂಬುದು ಒಳ್ಳೆಯ ಕಾರ್ಯವಾದ್ದರಿಂದ ಅದರ ಜೊತೆಯ ಪದಕ್ಕೂ ನಿರ್ದುಷ್ಟವಾದ ಅರ್ಥವೇ ಸರಿ ಎನ್ನುವರು. ಅಲ್ಲದೆ ಮುಂದಿನ ವಾಕ್ಯದಲ್ಲಿ ಆದಾಮನು ಮೊದಲು ಸೃಷ್ಟಿಯಾದನೆಂಬ ಹೇತುವನ್ನು ಕೊಟ್ಟಿರುವುದರಿಂದ ಇದು ಒಂದು ಊರಿಗೆ ಮಾತ್ರ ಸೇರಿದ ಕಟ್ಟಳೆಯಲ್ಲ ಎಂಬುದೂ ಅವರ ವಾದ. ಈ ವಾದದಲ್ಲಿ ಬಲವಿಲ್ಲವೆಂದು ಹೇಳಲಾರೆನು. ಅದನ್ನು ನನ್ನ ಶಿಷ್ಯೆಗೆ ಮುಚ್ಚುಮರೆಯಿಲ್ಲದೆ ಹೇಳಿದೆನು. ಆಕೆಯ ಮುಖವು ಸ್ವಲ್ಪ ಬಾಡಿತು, ಆದರೆ ಬರೆದುಕೊಂಡಳು.

ಬಳಿಕ ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ ಹದಿನಾಲ್ಕನೆಯ ಅಧ್ಯಾಯವನ್ನು ತೆರೆದೆವು. ಇಲ್ಲಿ ಸ್ತ್ರೀಯರ ವಿಷಯವಾಗಿ ಇರುವ ಪದವು 'ಸಿಗತೋಸನ್'. ಇದು ನಿಜವಾಗಿ 'ಸುಮ್ಮನಿರಲಿ' ಎಂಬುದೇ. ಆದರೆ ಈ ಕ್ರಿಯಾಪದವು ಅದೇ ಅಧ್ಯಾಯದಲ್ಲಿ ಮೂರು ಸಾರಿ ಬಂದಿದೆ. ಅರ್ಥ ಹೇಳುವವರಿಲ್ಲದಿದ್ದರೆ ಅನ್ಯಭಾಷೆಯಲ್ಲಿ ನುಡಿಯುವವನು ಸುಮ್ಮನಿರಲಿ, ಇನ್ನೊಬ್ಬನಿಗೆ ಪ್ರಕಟವಾದರೆ ಮೊದಲಿನ ಪ್ರವಾದಿಯು ಸುಮ್ಮನಾಗಲಿ, ಮೂರನೆಯದು ಸ್ತ್ರೀಯರಿಗೆ. ಮೊದಲಿನ ಇಬ್ಬರಿಗೆ ಯಾವಜ್ಜೀವ ಮೌನವೆಂದು ಯಾರೂ ಹೇಳುವುದಿಲ್ಲ. ಸಭೆಯ ಕ್ರಮಕ್ಕಾಗಿ ಆ ಹೊತ್ತಿಗೆ ಮೌನ. ಮನೆಯಲ್ಲಿ ತಮ್ಮ ತಮ್ಮ ಗಂಡಂದಿರನ್ನು ಕೇಳಲಿ ಎಂದು ಮುಂದೆ ಹೇಳಿರುವುದರಿಂದ ಇದು ಮುಖ್ಯವಾಗಿ ಪತ್ನಿಯರನ್ನು ಕುರಿತದ್ದು. ಗ್ರೀಕಿನ 'ಗುನೆ' ಎಂಬುದಕ್ಕೆ ಹೆಂಗಸು, ಹೆಂಡತಿ ಎಂಬ ಎರಡೂ ಅರ್ಥಗಳುಂಟು. 'ಅನೇರ್' ಎಂಬುದಕ್ಕೆ ಗಂಡಸು, ಗಂಡ ಎಂಬೆರಡೂ ಉಂಟು. ನಮ್ಮ ವೈಯಾಕರಣರು ಇಂತಹ ಸಂದೇಹಕ್ಕೆ ಅವಕಾಶ ಕೊಡಲಿಲ್ಲ: ತಾನೇ ಪಾಠ ಹೇಳುವವಳು 'ಆಚಾರ್ಯಾ', ಆಚಾರ್ಯನ ಹೆಂಡತಿಯು 'ಆಚಾರ್ಯಾನೀ' ಎಂದು ವಿಭಾಗಿಸಿಟ್ಟರು.

ಇನ್ನೂ ವಿಶೇಷವೆಂದರೆ ಅದೇ ಪತ್ರಿಕೆಯ ಹನ್ನೊಂದನೆಯ ಅಧ್ಯಾಯದಲ್ಲಿ ಸ್ತ್ರೀಯು ಪ್ರಾರ್ಥನೆ ಮಾಡುವಾಗಲೂ ಪ್ರವಾದಿಸುವಾಗಲೂ ತಲೆಗೆ ಮುಸುಕಿರಬೇಕೆಂದು ಹೇಳಿದೆ. ಬಾಯಿ ತೆರೆಯಲೇಬಾರದವಳಿಗೆ ಬಾಯಿ ತೆರೆಯುವಾಗಿನ ಉಡಿಗೆಯ ನಿಯಮವೇಕೆ? ಹದಿನಾಲ್ಕನೆಯ ಅಧ್ಯಾಯದ ಈ ಎರಡು ವಾಕ್ಯಗಳು ಕೆಲವು ಪ್ರಾಚೀನ ಪ್ರತಿಗಳಲ್ಲಿ, ಪ್ಯಾರಿಸ್ಸಿನಲ್ಲಿರುವ ಕ್ಲಾರೊಮೊಂಟಾನಸ್ ಎಂಬ ಗ್ರೀಕ್-ಲ್ಯಾಟಿನ್ ಪ್ರತಿಯಲ್ಲಿ ಕೂಡ, ಅಧ್ಯಾಯದ ಕೊನೆಗೆ ಬರುತ್ತವೆ. ಹೀಗೆ ಸ್ಥಾನಪಲ್ಲಟವಾಗಿರುವುದರಿಂದ ಇವು ಮೊದಲು ಅಂಚಿನಲ್ಲಿ ಬರೆದ ಟಿಪ್ಪಣಿಯಾಗಿದ್ದು ಬಳಿಕ ಮೂಲದೊಳಗೆ ಸೇರಿದುವೆಂದು ೧೯೮೭ರಲ್ಲಿ ಪ್ರಕಟವಾದ ವ್ಯಾಖ್ಯಾನದಲ್ಲಿ ಗಾರ್ಡನ್ ಫೀ ಎಂಬ ವಿದ್ವಾಂಸನು ವಾದಿಸಿದನು. ಆದರೆ ಅವನ್ನು ಪೂರ್ತಿಯಾಗಿ ಬಿಟ್ಟಿರುವ ಪ್ರತಿಯೊಂದೂ ದೊರೆತಿಲ್ಲವಾದ್ದರಿಂದ ಅನೇಕರು ಇದನ್ನು ಒಪ್ಪುವುದಿಲ್ಲ.

ಇಲ್ಲಿ ನನ್ನ ಶಿಷ್ಯೆಯು ಒಂದು ಉಪಾಯವನ್ನು ತಂದಳು. 'ಮಾತಾಡುವುದು' ಎಂಬುದಕ್ಕೆ ಇಲ್ಲಿರುವ 'ಲಲೈನ್' ಎಂಬುದಕ್ಕೆ ಹಳೆಯ ಗ್ರೀಕಿನಲ್ಲಿ 'ಹರಟು' ಎಂಬ ಅರ್ಥವಿದೆಯಂತೆ. ಹರಟೆ ಮಾತ್ರ ನಿಷಿದ್ಧವೆನ್ನಬಹುದಲ್ಲವೆ ಎಂದಳು. ಬೇಡಮ್ಮಾ ಎಂದೆನು. ಅದೇ ಅಧ್ಯಾಯದಲ್ಲಿ ಪ್ರವಾದಿಗಳು ನುಡಿಯುವುದಕ್ಕೂ ಅದೇ ಪದವಿರುವಾಗ ಅವರೂ ಹರಟಿದರೆನ್ನಬೇಕಾಗುವುದು. ಯೋಗಕ್ಕಿಂತ ರೂಢಿಯು ಬಲವತ್ತರವೆಂಬ ನ್ಯಾಯವನ್ನು ನಮಗೆ ಬೇಕಾದಾಗ ಹಿಡಿದು ಬೇಡವಾದಾಗ ಬಿಡಬಾರದು. ನಾನೂ ಅಂತಹ ಒಂದು ಮೋಹದಲ್ಲಿ ಬಿದ್ದಿದ್ದೆನು. ತಲೆಯೆಂಬ ಅರ್ಥದ ಗ್ರೀಕ್ 'ಕೆಫಲೆ'ಯು ನಮ್ಮ 'ಕಪಾಲ'ವೇ ಎಂದುಕೊಂಡಿದ್ದೆನು. ಧ್ವನಿಶಾಸ್ತ್ರವು ಅದನ್ನು ಒಪ್ಪುವುದಿಲ್ಲವೆಂದು ಬಳಿಕ ತಿಳಿಯಿತು. ಪುರುಷನು ಸ್ತ್ರೀಗೆ 'ತಲೆ' ಎಂಬಲ್ಲಿ ಒಡೆತನವೋ ಉಗಮವೋ ಎಂಬ ವಿವಾದವೂ ಇದೆ. ಕನ್ನಡಿಗನಿಗೆ ಇದು ಬೇಗ ತಿಳಿಯುವುದು: 'ತಲೆಯಾಳು' ಎಂದರೆ ಮುಂದಾಳು, 'ತಲಕಾವೇರಿ' ಎಂದರೆ ಕಾವೇರಿಯು ಹುಟ್ಟುವ ಎಡೆ. ಹೆರೊಡೊಟಸನೂ ಒಂದು ನದಿಯ ಉಗಮಗಳನ್ನು 'ತಲೆ'ಗಳೆಂದಿರುವನು.

ಭಾಷಾಂತರಕಾರನ ಮನಸ್ಸು ಪದದೊಳಗೆ ಹೇಗೆ ನುಸುಳುವುದೆಂಬುದಕ್ಕೆ ಒಂದು ನಿದರ್ಶನವನ್ನು ಮಾತ್ರ ಹೇಳುವೆನು. ರೋಮಾಪುರದವರಿಗೆ ಬರೆದ ಪತ್ರಿಕೆಯ ಕೊನೆಯಲ್ಲಿ ಕೆಂಖ್ರೆಯ ಸಭೆಯ ಫೊಯಿಬೆ ಎಂಬ ಸ್ತ್ರೀಯನ್ನು ಪೌಲನು 'ದಿಯಾಕೊನೊಸ್' ಎಂದು ಕರೆದಿರುವನು. ೧೬೧೧ರ ಭಾಷಾಂತರಕಾರರು ಈ ಪದವನ್ನು ಪೌಲ, ಅಪೊಲ್ಲೋಸ ಮೊದಲಾದ ಪುರುಷರಿಗೆ ಬಂದಾಗ 'ಮಿನಿಸ್ಟರ್' ಎಂದರು. ಫೊಯಿಬೆಗೆ ಬಂದಾಗ 'ಸೇವಕಿ' ಎಂಬರ್ಥದ ಪದವನ್ನಿಟ್ಟರು. ಮೂಲದಲ್ಲಿ ಪದವೊಂದೇ. ಅದೇ ಅಧ್ಯಾಯದ ಯೂನ್ಯಳನ್ನು ಕ್ರಿಸೊಸ್ತೊಮನು ಸ್ತ್ರೀಯೆಂದೇ ತಿಳಿದು, ಅಪೊಸ್ತಲರಲ್ಲಿ ಎಣಿಸಲು ತಕ್ಕವಳೆಂದು ಹೊಗಳಿದನು. ಇಪ್ಪತ್ತನೆಯ ಶತಮಾನದ ಹಲವು ಪುಸ್ತಕಗಳು ಆಕೆಯನ್ನು ಗಂಡಸಾಗಿ ಮಾಡಿದುವು. ವಿದ್ವಾಂಸನಾದ ಅಪೊಲ್ಲೋಸನಿಗೆ ಗಂಡನೊಡನೆ ಕುಳಿತು ಮಾರ್ಗವನ್ನು ವಿವರಿಸಿದ ಪ್ರಿಸ್ಕಿಲ್ಲಳ ಕಥೆಯು ಅಪೊಸ್ತಲರ ಕೃತ್ಯಗಳಲ್ಲಿ ಸ್ಪಷ್ಟವಾಗಿಯೇ ಇದೆ.

ಅನ್ಯರ ಮನೆಯ ವಿಚಾರವೆಂದು ನಗುವ ಅಧಿಕಾರವು ನನಗಿಲ್ಲ. ಬೃಹದಾರಣ್ಯಕೋಪನಿಷತ್ತಿನಲ್ಲಿ ಪಂಡಿತೆಯಾದ ಮಗಳನ್ನು ಬಯಸುವವರಿಗೆ ಒಂದು ವಿಧಾನವನ್ನು ಹೇಳಿದೆ. ಭಾಷ್ಯದಲ್ಲಿ ಆ ಪಾಂಡಿತ್ಯವೆಂದರೆ ಗೃಹಕೃತ್ಯದ ಪಾಂಡಿತ್ಯವೆಂದು ಸಂಕೋಚಿಸಿದೆ. ಹೆಣ್ಣಿಗೆ ವೇದದಲ್ಲಿ ಅಧಿಕಾರವಿಲ್ಲವೆಂಬುದೇ ಕಾರಣ. ಗಾರ್ಗಿಯು ಯಾಜ್ಞವಲ್ಕ್ಯನನ್ನು ತುಂಬಿದ ಸಭೆಯಲ್ಲಿ ಪ್ರಶ್ನಿಸಿದ ಗ್ರಂಥವೇ ಅದು! ನಮ್ಮ ಮನೆಯಲ್ಲಿ ತಂದೆಯವರು ಹುಡುಗರಿಗೆ ಪಾಠ ಹೇಳುವಾಗ ನನ್ನ ಅಕ್ಕನು ಬಾಗಿಲ ಮರೆಯಲ್ಲಿ ಅಕ್ಕಿ ಆರಿಸುತ್ತ ಕುಳಿತಿರುತ್ತಿದ್ದಳು. ಒಂದು ದಿನ ನಾನು ತಪ್ಪಿದಾಗ ಮುಂದಿನ ಪದವನ್ನು ಅಲ್ಲಿಂದಲೇ ಹೇಳಿಕೊಟ್ಟಳು. ಮಾರನೆಯ ದಿನದಿಂದ ಅಕ್ಕಿಯ ಮೊರವು ಹಿತ್ತಲಿಗೆ ಹೋಯಿತು. ನಾನು ಒಂದು ಮಾತೂ ಆಡಲಿಲ್ಲ. ಆ ಮೌನಕ್ಕೆ ಯಾವ ಭಾಷ್ಯವನ್ನು ಬರೆಯಲಿ?

ಕ್ರೈಸ್ತ ಸಭೆಗಳೆಲ್ಲವೂ ಒಂದೇ ನಿರ್ಣಯಕ್ಕೆ ಬಂದಿಲ್ಲ. ೧೯೪೪ರ ಜನವರಿ ೨೫ರಂದು, ಯುದ್ಧದ ಸಂಕಟದಲ್ಲಿ, ಹಾಂಗ್‌ಕಾಂಗಿನ ಬಿಷಪ್ಪನು ಫ್ಲಾರೆನ್ಸ್ ಲೀ ಟಿಮ್-ಓಯಿ ಎಂಬ ಚೀನೀ ಮಹಿಳೆಗೆ ಆಂಗ್ಲಿಕನ್ ಪಾದ್ರಿದೀಕ್ಷೆಯನ್ನು ಕೊಟ್ಟನು. ಆಕ್ಷೇಪಗಳು ಬಂದುದರಿಂದ ಯುದ್ಧಾನಂತರ ಆಕೆಯು ಆ ಅಧಿಕಾರವನ್ನು ತಾನಾಗಿ ಬಿಟ್ಟುಕೊಟ್ಟಳು. ಇಂಗ್ಲೆಂಡಿನ ಸಭೆಯಲ್ಲಿ ಸ್ತ್ರೀಯರಿಗೆ ಆ ದೀಕ್ಷೆಯು ದೊರೆತುದು ೧೯೯೪ರಲ್ಲಿ. ಅದಕ್ಕೂ ಮೊದಲೇ, ೧೯೭೬ರಲ್ಲಿ, ನಮ್ಮ ಕನ್ನಡ ನಾಡಿನ ಅನೇಕ ಸಭೆಗಳೂ ಸೇರಿರುವ ದಕ್ಷಿಣ ಭಾರತ ಸಭೆಯು ಸ್ತ್ರೀಗೆ ದೀಕ್ಷೆ ಕೊಟ್ಟಿತು. ೨೦೧೩ರಲ್ಲಿ ನಂದ್ಯಾಲಕ್ಕೆ ಪುಷ್ಪಲಲಿತಾ ಎಂಬವರು ಬಿಷಪ್ಪರಾದರು. ರೋಮನ್ ಕ್ಯಾಥೊಲಿಕ್ ಸಭೆಯೂ ಪೂರ್ವದೇಶದ ಆರ್ಥೊಡಾಕ್ಸ್ ಸಭೆಗಳೂ ಇನ್ನು ಕೆಲವು ಸಭೆಗಳೂ ಸ್ತ್ರೀಗೆ ಪಾದ್ರಿದೀಕ್ಷೆಯನ್ನು ಕೊಡುವುದಿಲ್ಲ. ಅವರ ಕಾರಣಗಳು ಈ ನಾಲ್ಕು ಪದಗಳಲ್ಲಿಯೇ ಮುಗಿಯುವುವಲ್ಲ.

ನನ್ನ ಶಿಷ್ಯೆಯ ಊರಿನಲ್ಲಿ ಏನಾಯಿತೆಂದು ವಾಚಕರು ಕೇಳಬಹುದು. ಅವಳನ್ನು ತಡೆದ ಆ ಹಿರಿಯರು ಒಂದು ದಿನ ತಾವಾಗಿ ನಮ್ಮ ಮನೆಗೆ ಬಂದರು. ಸೌಮ್ಯರು, ಗ್ರಂಥಭಕ್ತರು. ಎರಡು ಗಂಟೆಯ ಕಾಲ ಕುಳಿತು ಒಂದೊಂದು ಪದವನ್ನೂ ಕೇಳಿದರು. ಕೊನೆಗೆ, "ನಿಷೇಧದ ವಿಷಯದಲ್ಲಿ ನನ್ನ ಅಭಿಪ್ರಾಯವು ಬದಲಾಗಿಲ್ಲ, ಸ್ವಾಮಿ. ಆದರೆ 'ಕಲಿಯಲಿ' ಎಂಬುದು ಆಜ್ಞೆಯೆಂಬುದನ್ನು ನಾನು ಇಷ್ಟು ವರ್ಷ ಗಮನಿಸಿರಲಿಲ್ಲ" ಎಂದರು. ವ್ಯಾಖ್ಯಾನಪೀಠದ ವಿಷಯವು ಅಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಬುಧವಾರ ಸಾಯಂಕಾಲಗಳಲ್ಲಿ ಮಾತ್ರ ಆಕೆಯ ಮನೆಯ ನಡುಮನೆಯಲ್ಲಿ ಹತ್ತು ಹನ್ನೆರಡು ಹೆಂಗಸರು ಗ್ರೀಕ್ ಅಕ್ಷರಮಾಲೆಯನ್ನು ಕಲಿಯುತ್ತಿರುವರಂತೆ. ಆ ಹಿರಿಯರ ಸೊಸೆಯೂ ಅವರಲ್ಲಿ ಒಬ್ಬಳು.

ಈ ಸುದ್ದಿಯನ್ನು ನನ್ನ ಅಕ್ಕನಿಗೆ ಹೇಳಿದೆನು. ಆಕೆಯು ಕೇಳಿ, "ಬಾಗಿಲು ತೆರೆದಿಟ್ಟುಕೊಂಡು ಕಲಿಯುತ್ತಾರೆ ತಾನೆ?" ಎಂದಳು.